ದುರ್ಬೀನಿನ ಚಾಲಕಯಂತ್ರವೂ ಅದರ ಜೀರ್ಣೋದ್ಧಾರವೂ

ಹಾಸನ ಪಟ್ಟಣದಿಂದ ಸುಮಾರು 10 ಕಿಲೋಮೀಟರು ದೂರದಲ್ಲಿರುವ ಕೊರವಂಗಲದ ಬೂಚೇಶ್ವರ ದೇವಾಲಯದಲ್ಲಿ ಎರಡು ಗುಡಿಗಳು ಒಂದಕ್ಕೊಂದು ಎದುರಾಗಿ ನಿಂತಿವೆ. ಪಡುವಣದ್ದು ಶಿವನದು, ಮೂಡಣದ್ದು ಸೂರ್ಯನದು. ಹೊಯ್ಸಳ ಇಮ್ಮಡಿ ವೀರಬಲ್ಲಾಳನು ಪಟ್ಟವೇರಿದ ವಿಜಯ ಸಂವತ್ಸರದಲ್ಲಿ, ಎಂದರೆ 1173ರಲ್ಲಿ, ಅವನ ಅಧಿಕಾರಿಯಾದ ಬೂಚಿರಾಜನು ಮಾಡಿಸಿದ ಈ ದೇವಾಲಯದ ಶಿಲ್ಪವೈಖರಿಯನ್ನು ಬಲ್ಲವರು ಅನೇಕರು ವರ್ಣಿಸಿರುವರಾದ್ದರಿಂದ ಇಲ್ಲಿ ಅದನ್ನು ಮತ್ತೆ ಹೇಳಬೇಕಾದುದಿಲ್ಲ. ಪ್ರಕೃತ ವಿಷಯಕ್ಕೆ ಬೇಕಾದುದು ಎರಡೇ ಮಾತು. ಒಂದು: ಸೂರ್ಯನು ಕಲ್ಲಿನಲ್ಲಿ ಮಾತ್ರ ನಿಲ್ಲುತ್ತಾನೆ, ಆಕಾಶದಲ್ಲಿ ಅವನನ್ನಾಗಲಿ ನಕ್ಷತ್ರವನ್ನಾಗಲಿ ನಿಲ್ಲಿಸಿ ನೋಡಬೇಕಾದರೆ ನೋಡುವ ಯಂತ್ರವೇ ಅದರೊಡನೆ ನಡೆಯಬೇಕು. ಎರಡು: ನಮ್ಮ ಶಾಸನಗಳಲ್ಲಿ ದತ್ತಿಯ ಉದ್ದೇಶವನ್ನು ಹೇಳುವಾಗ ದೇವರ ಅಂಗಭೋಗ ರಂಗಭೋಗಗಳೊಡನೆ “ಖಂಡಸ್ಫುಟಿತ ಜೀರ್ಣೋದ್ಧಾರ” ಎಂಬ ಮಾತು ತಪ್ಪದೆ ಬರುತ್ತದೆ. ಕಟ್ಟಿಸಿದವನು ಕಟ್ಟಿದ ದಿನವೇ ಅದು ಒಡೆಯುವುದೆಂದೂ ಬಿರಿಯುವುದೆಂದೂ ತಿಳಿದು, ಸರಿಮಾಡುವವನಿಗಾಗಿ ಭೂಮಿಯನ್ನು ಬಿಟ್ಟಿರುತ್ತಾನೆ. ಯಂತ್ರಗಳ ವಿಷಯದಲ್ಲಿ ನಮಗೆ ಈ ವಿವೇಕವು ಇನ್ನೂ ಬಂದಂತೆ ತೋರುವುದಿಲ್ಲ.

ಹಳೆಯ ದುರ್ಬೀನುಗಳ ಚಾಲಕಯಂತ್ರವನ್ನು ಬದಲಾಯಿಸುವುದು ಕಮ್ಮಾರನ ಅಥವಾ ವಿದ್ಯುತ್ ಕೆಲಸದವನ ವಿಷಯ, ಸಾಹಿತ್ಯ ಇತಿಹಾಸಗಳ ಪತ್ರಿಕೆಗೆ ಅದರಿಂದೇನು ಎಂದು ವಾಚಕರಲ್ಲಿ ಕೆಲವರು ಕೇಳಬಹುದು. ಯಂತ್ರವು ಹೇಗೆ ನಡೆಯುತ್ತಿತ್ತೆಂಬುದನ್ನು ತಿಳಿಯದೆ ಅದರಿಂದ ನೋಡಿ ಬರೆದ ದಿನಚರಿಯನ್ನು ಓದುವುದು, ಲಿಪಿಯನ್ನರಿಯದೆ ಶಾಸನವನ್ನೋದಿದಂತೆ. ಹೀಗೆ ಓದಿದುದರಿಂದ ಒಬ್ಬ ಉಪಾಧ್ಯಾಯರ ಪ್ರಾಮಾಣ್ಯಕ್ಕೇ ಕುಂದು ಬಂದಿದ್ದ ಒಂದು ಪ್ರಸಂಗವು ನನ್ನ ಅನುಭವಕ್ಕೆ ಬಂದುದರಿಂದ ಈ ಲೇಖನವನ್ನು ಬರೆಯಬೇಕಾಯಿತು. ಅದಕ್ಕೆ ಮುಂಚೆ ಪೂರ್ವೇತಿಹಾಸವನ್ನು ಸ್ವಲ್ಪ ನೋಡಬೇಕು.

ಭೂಮಿಯು ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು 23 ಗಂಟೆ 56 ನಿಮಿಷ 4 ಸೆಕೆಂಡು ಹಿಡಿಯುತ್ತದೆ. ಇದು ನಾಕ್ಷತ್ರದಿನ. ಆದಕಾರಣ ಆಕಾಶದ ಮಧ್ಯರೇಖೆಯ ಬಳಿಯಿರುವ ನಕ್ಷತ್ರವು ನಿಂತ ದುರ್ಬೀನಿನ ಮುಂದೆ ಪ್ರತಿ ನಿಮಿಷಕ್ಕೆ 15 ಕಲೆಗಳಷ್ಟು, ಎಂದರೆ ಚಂದ್ರಬಿಂಬದ ಅರ್ಧದಷ್ಟು, ಪಡುವಲಿಗೆ ಸರಿಯುತ್ತದೆ. ಇದನ್ನು ತಡೆಯಲು ದುರ್ಬೀನನ್ನು ಹೊತ್ತಿರುವ ಪೀಠದಲ್ಲಿ ಒಂದು ಅಕ್ಷವನ್ನು ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿ ಧ್ರುವದ ಕಡೆಗೆ ಓರೆಯಾಗಿ ನಿಲ್ಲಿಸುತ್ತಾರೆ. ಆ ಅಕ್ಷವನ್ನು ಭೂಮಿಯ ಗತಿಗೆ ಎದುರಾಗಿ ಅದೇ ವೇಗದಲ್ಲಿ ತಿರುಗಿಸಿದರೆ ನಕ್ಷತ್ರವು ನೋಟದ ನಡುವೆ ನಿಲ್ಲುತ್ತದೆ. ಅಕ್ಷದ ಓರೆಯು ಆಯಾ ಊರಿನ ಅಕ್ಷಾಂಶದಷ್ಟೇ ಇರಬೇಕು. ಇಂಗ್ಲೆಂಡಿನ ಯಾರ್ಕ್ ಪಟ್ಟಣದಲ್ಲಿ ಅದು 54 ಅಂಶ. ಕೊರವಂಗಲದಲ್ಲಿ 13 ಅಂಶ ಮಾತ್ರ. ಅಲ್ಲಿ ನೆಟ್ಟಗೆ ನಿಲ್ಲುವ ದಂಡವು ಇಲ್ಲಿ ಹೆಚ್ಚುಕಡಮೆ ಮಲಗಿಯೇಬಿಡುತ್ತದೆ. ಶೀತದೇಶಕ್ಕಾಗಿ ಎರಕಹೊಯ್ದ ಪೀಠಗಳನ್ನು ಇಲ್ಲಿಗೆ ತಂದವರಿಗೆ ಮೊದಲ ತೊಂದರೆಯೇ ಇದು.

ತಿರುಗಿಸುವ ಶಕ್ತಿ ಯಾವುದು? ಈ ಪ್ರಶ್ನೆಯನ್ನು ಮೊದಲು ಕೇಳಿಕೊಂಡವರು ದುರ್ಬೀನು ಮಾಡಿದವರಲ್ಲ. ಆರ್ಯಭಟನು 499ರ ಸುಮಾರಿನ ತನ್ನ ಗ್ರಂಥದ ಗೋಲಪಾದದಲ್ಲಿ, ಮರದಿಂದ ಮಾಡಿದ ಸಮವೃತ್ತವೂ ಸಮಭಾರವೂ ಲಘುವೂ ಆದ ಗೋಲವನ್ನು ಪಾದರಸ ಎಣ್ಣೆ ನೀರುಗಳಿಂದ ಕಾಲಕ್ಕೆ ಸರಿಯಾಗಿ ತಿರುಗುವಂತೆ ಮಾಡಬೇಕೆಂದು ಹೇಳುತ್ತಾನೆ. ವ್ಯಾಖ್ಯಾನಕಾರರ ವಿವರಣೆಯಿಂದ ಇದರ ರೀತಿಯು ತಿಳಿಯುತ್ತದೆ: ನೀರು ತುಂಬಿದ ಪಾತ್ರೆಯಲ್ಲಿ ಪಾದರಸ ಹಾಕಿದ ಒಣ ಸೋರೆಬುರುಡೆಯು ತೇಲುತ್ತಿರುತ್ತದೆ, ಅದಕ್ಕೆ ಕಟ್ಟಿದ ದಾರವು ಗೋಲವನ್ನು ಸುತ್ತಿರುತ್ತದೆ, ತಳದ ರಂಧ್ರದಿಂದ ನೀರು ಹರಿದು ಮಟ್ಟವು ಇಳಿದಂತೆ ಬುರುಡೆಯು ಇಳಿದು ದಾರವನ್ನೆಳೆಯಲು, ಗೋಲವು 60 ಘಳಿಗೆಗೆ ಒಂದು ಸುತ್ತು ಬರುತ್ತದೆ, ಎಣ್ಣೆಯು ಅಕ್ಷದ ತುದಿಗಳಿಗೆ. ಇಳಿಯುವ ಭಾರ, ಅದರ ಇಳಿತವನ್ನು ತಡೆದು ಸಮಗೊಳಿಸುವ ಉಪಾಯ, ಘರ್ಷಣೆಯನ್ನು ಕಳೆಯುವ ಸ್ನೇಹ: ಹತ್ತೊಂಬತ್ತನೆಯ ಶತಮಾನದ ಯೂರೋಪಿನ ಚಾಲಕ ಗಡಿಯಾರದಲ್ಲಿರುವುದೂ ಈ ಮೂರೇ. ಇದರಿಂದ ದುರ್ಬೀನಿನ ಗಡಿಯಾರವನ್ನು ನಮ್ಮವರೇ ಕಂಡುಹಿಡಿದರೆಂದು ಹೇಳುವ ಉತ್ಸಾಹಿಗಳ ಗುಂಪಿಗೆ ನಾನು ಸೇರಿದವನಲ್ಲ. ಆರ್ಯಭಟನ ಗೋಲವು ಆಕಾಶವನ್ನು ತೋರಿಸುವ ಮಾದರಿಯೇ ಹೊರತು ಅದನ್ನು ಹಿಂಬಾಲಿಸುವ ಕಣ್ಣಲ್ಲ. ಆದರೆ ಭೂಮಿಯೇ ತಿರುಗುತ್ತದೆಂದು ಅದೇ ಪಾದದಲ್ಲಿ ಹೇಳಿದವನು ಆ ಗತಿಯನ್ನು ಯಂತ್ರದಿಂದ ಅನುಕರಿಸಲು ಯೋಚಿಸಿದುದು ಆಕಸ್ಮಿಕವಲ್ಲವೆಂದು ತೋರುತ್ತದೆ.

ದುರ್ಬೀನಿಗೆ ಗಡಿಯಾರವನ್ನು ಯಶಸ್ವಿಯಾಗಿ ಜೋಡಿಸಿದವನು ಬವೇರಿಯದ ಫ್ರೌನ್‌ಹೋಫರ್; 1824ರಲ್ಲಿ ಡೋರ್ಪಾಟ್ ವೇಧಶಾಲೆಗೆ ಅವನು ಕಳುಹಿಸಿದ ಯಂತ್ರವೇ ಮುಂದಿನವುಗಳಿಗೆಲ್ಲ ಮಾದರಿಯಾಯಿತು. ಸರಪಣಿಗೆ ಕಟ್ಟಿದ ಭಾರವು ಇಳಿಯುತ್ತ ಹಲ್ಲಿನ ಚಕ್ರಗಳನ್ನು ತಿರುಗಿಸುತ್ತದೆ. ಕೊನೆಯ ಚಕ್ರವು ತಿರುಪಿನ ಎಳೆಯುಳ್ಳ ಒಂದು ದಂಡವನ್ನು, ಕಾರ್ಖಾನೆಯವರು ವರ್ಮ್ ಎನ್ನುವುದನ್ನು, ತಿರುಗಿಸುತ್ತದೆ. ಅದು ಧ್ರುವಾಕ್ಷಕ್ಕೆ ಬಿಗಿದ ದೊಡ್ಡ ಹಲ್ಲುಚಕ್ರವನ್ನು ಒಂದೊಂದೇ ಹಲ್ಲಿನಂತೆ ಮುಂದಕ್ಕೆ ತಳ್ಳುತ್ತದೆ. ಗೋಡೆಯ ಗಡಿಯಾರದ ಲೋಲಕವು ಟಿಕ್ ಟಿಕ್ ಎಂದು ನಿಂತು ನಿಂತು ನಡೆಯುವುದರಿಂದ ಇಲ್ಲಿ ಉಪಯೋಗವಿಲ್ಲ, ನಕ್ಷತ್ರವು ಕುಪ್ಪಳಿಸುತ್ತದೆ. ಅದಕ್ಕೆ ಬದಲಾಗಿ ಎರಡು ಹಿತ್ತಾಳೆಯ ಗುಂಡುಗಳು ಸುತ್ತ ತಿರುಗುತ್ತಿದ್ದು, ವೇಗವು ಹೆಚ್ಚಿದರೆ ಅಗಲಿಕೊಂಡು ಹೋಗಿ ಉಜ್ಜುವ ತಡೆಯನ್ನು ಮುಟ್ಟಿ ವೇಗವನ್ನು ತಗ್ಗಿಸುತ್ತವೆ. ಸೂರ್ಯನ ರಥಕ್ಕೆ ಅರುಣನು ಹೇಗೋ ಈ ಗುಂಡುಗಳು ದುರ್ಬೀನಿಗೆ ಹಾಗೆ.

ಕನ್ನಡನಾಡಿನಲ್ಲಿ ಇಂಥ ಯಂತ್ರದ ಉಪಯೋಗವನ್ನು ಮೊದಮೊದಲು ಕಂಡವರಲ್ಲಿ ಒಬ್ಬನು ಲೆಫ್ಟಿನೆಂಟ್ ಜಾನ್ ಹರ್ಷಲ್. ಇವನು ಯುರೇನಸ್ ಗ್ರಹವನ್ನು ಕಂಡ ವಿಲಿಯಂ ಹರ್ಷಲನ ಮೊಮ್ಮಗ. ದಕ್ಷಿಣಾಕಾಶದ ನೀಹಾರಿಕೆಗಳ ಪಟ್ಟಿಯನ್ನು ಮಾಡಿದ ಸರ್ ಜಾನ್ ಹರ್ಷಲನ ಮಗ. ಮಹಾ ತ್ರಿಕೋಣಮಿತಿಯ ಸರ್ವೆಯಲ್ಲಿ ಉದ್ಯೋಗದಲ್ಲಿದ್ದ ಈತನಿಗೆ ಲಂಡನ್ನಿನ ರಾಯಲ್ ಸೊಸೈಟಿಯು ಕುಕ್ ಕಂಪನಿಯ 5 ಅಂಗುಲದ ದುರ್ಬೀನನ್ನು, ಗಡಿಯಾರದ ಚಾಲನೆಯೊಡನೆ, ವರ್ಣಪಟಲದರ್ಶಕವನ್ನೂ ಸೇರಿಸಿ ಕಳುಹಿಸಿಕೊಟ್ಟಿತು. ಅವನು ಬೆಂಗಳೂರಿನಲ್ಲಿ ಅದನ್ನು ನಿಲ್ಲಿಸಿ, ತಂದೆಯು ಕಣ್ಣಿನಿಂದ ಕಂಡು ಪಟ್ಟಿಮಾಡಿದ್ದ ನೀಹಾರಿಕೆಗಳ ಬೆಳಕನ್ನು ಒಡೆದು ನೋಡಿದನು. ನೀಹಾರಿಕೆಯ ಮಂಕು ಬೆಳಕು ಕೂದಲೆಳೆಯಷ್ಟು ಸಣ್ಣ ಸೀಳಿನ ಮೇಲೆ ನಿಮಿಷಗಟ್ಟಲೆ ನಿಲ್ಲದಿದ್ದರೆ ಈ ಕೆಲಸವು ಸಾಗುವಂತಿರಲಿಲ್ಲ. ತಂದೆಯ ಕಾಲದ ದೊಡ್ಡ ದುರ್ಬೀನಿಗೆ ಗಡಿಯಾರವಿರಲಿಲ್ಲ. ಮಗನ ಚಿಕ್ಕ ದುರ್ಬೀನಿಗೆ ಇತ್ತು. ಒಂದು ತಲೆಮಾರಿನ ಅಂತರವು ಇಲ್ಲಿ ಕಾಣುತ್ತದೆ.

ಅದೇ ಯಂತ್ರವನ್ನು ಅವನು 1868ರ ಆಗಸ್ಟ್ 18ರ ಖಗ್ರಾಸ ಸೂರ್ಯಗ್ರಹಣಕ್ಕಾಗಿ ಪಟವರ್ಧನರ ಸಂಸ್ಥಾನವಾಗಿದ್ದ ಜಮಖಂಡಿಗೆ ಕೊಂಡೊಯ್ದನು. ಗುಂಟೂರಿನಲ್ಲಿ ಟೆನೆಂಟ್ ಮತ್ತು ಫ್ರಾನ್ಸಿನ ಜಾನ್ಸೆನ್, ಮಚಲಿಪಟ್ಟಣದಲ್ಲಿ ಮದ್ರಾಸಿನ ಪಾಗ್ಸನ್, ವಿಜಾಪುರದಲ್ಲಿ ಕೈಯಲ್ಲಿ ಹಿಡಿಯುವ ಚಿಕ್ಕ ವರ್ಣಪಟಲದರ್ಶಕದೊಡನೆ ಕ್ಯಾಪ್ಟನ್ ಹೇಗ್ ಕಾದಿದ್ದರು. ಜಮಖಂಡಿಯಲ್ಲಿ ಶ್ರಾವಣದ ಮೋಡ. ಪೂರ್ಣಗ್ರಾಸದ ಸುಮಾರು 5 ನಿಮಿಷಗಳಲ್ಲಿ ಬಹುಭಾಗವನ್ನು ಮೋಡವೇ ನುಂಗಿತು. ನಡುವೆ ಮೋಡವು ಹರಿದ ಕ್ಷಣಗಳಲ್ಲಿ ಹರ್ಷಲನು ಸೂರ್ಯನ ಅಂಚಿನ ಜ್ವಾಲೆಯ ಬೆಳಕಿನಲ್ಲಿ ಕೆಂಪು, ಕಿತ್ತಳೆ, ನೀಲಿ ಎಂಬ ಮೂರು ಉಜ್ಜ್ವಲ ರೇಖೆಗಳನ್ನು ಕಂಡನು. ಜ್ವಾಲೆಗಳು ಉರಿಯುವ ಅನಿಲವೆಂಬುದು ಆ ದಿನದ ವೀಕ್ಷಣೆಗಳಿಂದ ಸಿದ್ಧವಾಯಿತು. ಉದ್ವೇಗದಲ್ಲಿ ಅವನು ಬರೆದುಕೊಳ್ಳುವವನಿಗೆ ಬಣ್ಣಗಳ ಹೆಸರುಗಳನ್ನು ತಪ್ಪಾಗಿ ಕೂಗಿದನಂತೆ. ಕೂಗುತ್ತಿರುವಾಗಲೇ ತಪ್ಪೆಂದು ತನಗೆ ತಿಳಿದಿತ್ತೆಂದು ವರದಿಯಲ್ಲಿ ತಾನೇ ಒಪ್ಪಿಕೊಂಡಿದ್ದಾನೆ. ವರದಿಗಾರನಲ್ಲಿ ಈ ಗುಣವು ಅಪರೂಪ. ಕಿತ್ತಳೆಯೆಂದು ಅವನು ಕಂಡ ರೇಖೆಯು ಸೋಡಿಯಂನ ರೇಖೆಯ ನೆರೆಯದಾದರೂ ಅದೇ ಅಲ್ಲವೆಂಬುದು ಬಳಿಕ ಲಾಕಿಯರ್ ಮೊದಲಾದವರ ಅಳತೆಗಳಿಂದ ಸ್ಥಿರಪಟ್ಟಿತು. ಅದು ಹೀಲಿಯಂನ ರೇಖೆ. ಭೂಮಿಯ ಮೇಲೆ ರ್‍ಯಾಮ್ಸೆಯು ಹೀಲಿಯಂ ಅನ್ನು ಗುರುತಿಸಿದ್ದು 1895ರಲ್ಲಿ.

ಇಲ್ಲಿ ಗಡಿಯಾರದ ಪಾತ್ರವೇನೆಂದು ಊಹಿಸಬಹುದು. ಐದು ನಿಮಿಷಗಳಲ್ಲಿ ಸೂರ್ಯನು ತನ್ನ ಬಿಂಬದ ಎರಡೂವರೆಯಷ್ಟು ದೂರ ಸರಿಯುತ್ತಾನೆ. ಮೋಡದ ಹಿಂದೆ ಏನೂ ಕಾಣದಿರುವಾಗ ಕೈಯಿಂದ ದುರ್ಬೀನನ್ನು ಸರಿಸುವವನಿಗೆ ಗುರಿಯೇ ಇರುವುದಿಲ್ಲ. ಕಣ್ಣು ಕಾಣದಿದ್ದಾಗಲೂ ಯಂತ್ರವು ತಾನೇ ನಡೆಯುತ್ತಿದ್ದುದರಿಂದಲೇ, ಮೋಡ ಹರಿದ ಕೂಡಲೆ ಸೀಳು ಬಹುಮಟ್ಟಿಗೆ ಇರಬೇಕಾದಲ್ಲಿಯೇ ಇದ್ದಿತು.

ಮೂರು ವರ್ಷಗಳ ನಂತರ, 1871ರ ಡಿಸೆಂಬರ್ 12ರ ಗ್ರಹಣದ ಹಾದಿಯು ಇನ್ನೂ ದಕ್ಷಿಣಕ್ಕೆ ಬಿದ್ದಿತು. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ, ಈಗ ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಬೇಕಲದಲ್ಲಿ, ಕೆಳದಿಯ ನಾಯಕರು ಕಟ್ಟಿಸಿದ ಕೋಟೆಯೊಳಗೆ, ಲಾಕಿಯರನ ತಂಡವು ಬೀಡುಬಿಟ್ಟಿತು. ಲಾರ್ಡ್ ಲಿಂಡ್ಸೆಯ ಛಾಯಾಚಿತ್ರಕಾರನಾದ ಡೇವಿಸ್ ಅಲ್ಲಿ ಐದು ಚಿತ್ರಗಳನ್ನು ತೆಗೆದನು. ಅಲ್ಲಿಂದ ಸುಮಾರು 200 ಕಿಲೋಮೀಟರು ದೂರದ ನೀಲಗಿರಿಯ ದೊಡ್ಡಬೆಟ್ಟದಲ್ಲಿ ಟೆನೆಂಟನ ತಂಡವೂ ಚಿತ್ರಗಳನ್ನು ತೆಗೆಯಿತು. ಸೂರ್ಯನ ಸುತ್ತಲಿನ ಪ್ರಭಾವಳಿಯು ಸೂರ್ಯನದೋ, ನಮ್ಮ ವಾಯುಮಂಡಲದ ಮಾಯೆಯೋ ಎಂಬ ವಾದವು ಆಗ ಇನ್ನೂ ಮುಗಿದಿರಲಿಲ್ಲ. ಸಮುದ್ರತೀರದಿಂದಲೂ ಬೆಟ್ಟದ ತುದಿಯಿಂದಲೂ ತೆಗೆದ ಚಿತ್ರಗಳಲ್ಲಿ ಪ್ರಭೆಯ ಸೀಳುಗಳೂ ಎಸಳುಗಳೂ ಒಂದೇ ಸ್ಥಾನದಲ್ಲಿ ಕಂಡುದರಿಂದ ಅದು ಸೂರ್ಯನದೇ ಎಂಬುದು ದೃಢವಾಯಿತು. ಎರಡು ಚಿತ್ರಗಳನ್ನು ಗೆರೆಗೆ ಗೆರೆ ಹೋಲಿಸಬೇಕಾದರೆ ಎರಡೂ ಅಲುಗದಿರಬೇಕಷ್ಟೆ.

ಮುಂದೆ ಹೈದರಾಬಾದಿನಲ್ಲಿ ನವಾಬ್ ಜಫರ್ ಜಂಗನು 1901ರಲ್ಲಿ ಆರಂಭಿಸಿದ ನಿಜಾಮಿಯಾ ವೇಧಶಾಲೆಯು ಆಕಾಶದ ಛಾಯಾಪಟದ ಅಂತರರಾಷ್ಟ್ರೀಯ ಕಾರ್ಯದಲ್ಲಿ ದಕ್ಷಿಣದ 17ರಿಂದ 23 ಅಂಶಗಳವರೆಗಿನ ವಲಯವನ್ನು ವಹಿಸಿಕೊಂಡಿತು. ಬೀದರ, ಕಲಬುರಗಿ, ರಾಯಚೂರುಗಳು ಆ ಸಂಸ್ಥಾನದಲ್ಲಿದ್ದುವೆಂಬುದನ್ನು ನೆನೆದರೆ ಇದೂ ನಮಗೆ ಹೊರಗಿನದಲ್ಲ. ಕೊಡೈಕಾನಲಿನಲ್ಲಿ, ಮದ್ರಾಸಿನಲ್ಲಿದ್ದ ಲೆರಬೂರ್ ಮತ್ತು ಸೆಕ್ರೆತಾನರ 6 ಅಂಗುಲದ ಹಳೆಯ ಫ್ರೆಂಚ್ ದುರ್ಬೀನನ್ನು 1898ರಲ್ಲಿ ಡಬ್ಲಿನ್ನಿನ ಗ್ರಬ್ ಪುನಃ ರೂಪಿಸಿಕೊಟ್ಟ ಮೇಲೆ ನಿಲ್ಲಿಸಿದರು. ಮಸೂರವು ಒಂದು ಕಾಲದ್ದು, ಪೀಠವು ಇನ್ನೊಂದು ಕಾಲದ್ದು. ಹೊಯ್ಸಳರ ಗರ್ಭಗೃಹಕ್ಕೆ ವಿಜಯನಗರದ ಮಂಟಪವಿದ್ದಂತೆ. ದೇವಾಲಯವನ್ನು ಹೀಗೆ ಪದರಪದರವಾಗಿ ಓದುವುದನ್ನು ನಾವು ಬಲ್ಲೆವು. ದುರ್ಬೀನನ್ನು ಇನ್ನೂ ಹಾಗೆ ಓದಿಲ್ಲ.

ಇನ್ನು ವಿದ್ಯುತ್ತಿನ ಸಂಗತಿ. ಭಾರವನ್ನು ಗಂಟೆಗಂಟೆಗೂ ಮೇಲಕ್ಕೆ ಸುತ್ತುವ ಶ್ರಮವಿಲ್ಲದೆ ಒಂದೇ ವೇಗದಲ್ಲಿ ತಿರುಗುವ ಮೋಟಾರು ದೊರೆತ ಮೇಲೆ ಗಡಿಯಾರಗಳನ್ನು ಕಿತ್ತುಹಾಕುವುದು ಎಲ್ಲೆಡೆಯೂ ರೂಢಿಯಾಯಿತು. ಇದಕ್ಕೆ ಒದಗಿದುದು ಸಿಂಕ್ರೊನಸ್ ಮೋಟಾರು. ಸಮಕಾಲಿಕ ಮೋಟಾರು ಎನ್ನೋಣ. ವಿದ್ಯುತ್ತು ಒಂದು ಸೆಕೆಂಡಿಗೆ ಎಷ್ಟು ಸಲ ದಿಕ್ಕು ತಿರುಗಿ ಬರುತ್ತದೆಯೋ, ಆ ಆವರ್ತಕ್ಕೆ ಹೆಜ್ಜೆಯಿಟ್ಟು ಇದು ತಿರುಗುತ್ತದೆ. ವೋಲ್ಟೇಜು ಏರಲಿ ಇಳಿಯಲಿ ಇದರ ವೇಗವು ಬದಲಾಗದು. ಆವರ್ತವು ಬದಲಾದರೆ ಮಾತ್ರ ತಪ್ಪದೆ ಬದಲಾಗುತ್ತದೆ. ಗುಣವೂ ದೋಷವೂ ಇದರಲ್ಲಿಯೇ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಹರಿದ ವಿದ್ಯುತ್ತಿನ ಆವರ್ತವು 25 ಆಗಿತ್ತು. 50 ಆವರ್ತಕ್ಕೆಂದು ಮಾಡಿದ ಮೋಟಾರನ್ನು ಅದಕ್ಕೆ ಜೋಡಿಸಿದ್ದರೆ ನಕ್ಷತ್ರದ ವೇಗದಲ್ಲಿ ಅರ್ಧವೇ ಅದಕ್ಕೆ ದಕ್ಕುತ್ತಿತ್ತು. ಇಂದು ನಮ್ಮಲ್ಲಿ 50, ಅಮೆರಿಕದಲ್ಲಿ 60. ಈ ಅಂಕಿಗಳನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕಾಗಿ ಪ್ರಾರ್ಥನೆ.

ಈಗ ಮೊದಲು ಸೂಚಿಸಿದ ಪ್ರಸಂಗಕ್ಕೆ ಬರೋಣ. ಹಾಸನದ ಸೀಮೆಯ ಒಂದು ವಿದ್ಯಾಸಂಸ್ಥೆಯಲ್ಲಿ ಇಂಗ್ಲೆಂಡಿನಲ್ಲಿ ಮಾಡಿದ ಹಳೆಯ ಹಿತ್ತಾಳೆಯ ದುರ್ಬೀನೊಂದು ಬಹುಕಾಲದಿಂದ ಕೆಲಸವಿಲ್ಲದೆ ಬಿದ್ದಿತ್ತು. ಪೀಠವು ಕೆಟ್ಟಿದೆ, ಧ್ರುವದ ನೇರಕ್ಕೆ ನಿಲ್ಲುವುದಿಲ್ಲ, ಅದನ್ನು ತೆಗೆದು ಮಸೂರಕ್ಕೆ ಹೊಸ ಪೀಠವನ್ನು ಕೊಳ್ಳಬೇಕು ಎಂದು ಸಮಿತಿಯವರು ನಿಶ್ಚಯಿಸಿದ್ದರು. ಸಂಸ್ಥೆಯ ಚರಿತ್ರೆಯನ್ನು ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದ್ದುದರಿಂದ ದುರ್ಬೀನಿನ ದಿನಚರಿಯ ಪುಸ್ತಕಗಳೂ ನನ್ನ ಕೈಸೇರಿದುವು. ಖಗೋಳದಲ್ಲಿ ನನಗೆ ಪರಿಶ್ರಮವಿಲ್ಲ. ಹಸ್ತಪ್ರತಿಗಳನ್ನು ಓದುವ ಅಭ್ಯಾಸವಿದೆ.

ಪುಸ್ತಕಗಳಲ್ಲಿ ಎರಡು ಕೈಬರಹಗಳು ಸ್ಪಷ್ಟವಾಗಿದ್ದುವು. ಮೊದಲನೆಯವರು ಇಂಗ್ಲಿಷಿನಲ್ಲಿ ಚುಟುಕಾಗಿ ಬರೆದಿದ್ದಾರೆ. “ಭಾರ ಸುತ್ತಿದೆ”, “ಗುಂಡುಗಳಿಗೆ ಎಣ್ಣೆ” ಎಂಬರ್ಥದ ಮಾತುಗಳು ಪದೇ ಪದೇ ಬರುತ್ತವೆ. ವಸ್ತುವು ನೋಟದಿಂದ ಜಾರಿತೆಂಬ ದೂರು ಅಪರೂಪ. ಎರಡನೆಯವರದು ಕನ್ನಡ, ದುಂಡಾದ ಅಕ್ಷರ. ಇವರ ಮೊದಲ ಪುಟದಲ್ಲಿಯೇ ಗಡಿಯಾರದ ಸರಪಣಿ ಕಡಿದುದರಿಂದ ವಿದ್ಯುತ್ ಮೋಟಾರನ್ನು ಜೋಡಿಸಲಾಯಿತೆಂದಿದೆ. ಅಲ್ಲಿಂದ ಮುಂದಕ್ಕೆ ಪ್ರತಿ ರಾತ್ರಿಯೂ ಒಂದೇ ಗೋಳು: ಗುರುವನ್ನು ನಡುವೆ ಇಟ್ಟ ಹೊತ್ತು ಇಷ್ಟು, ಅದು ಅಂಚನ್ನು ದಾಟಿದ ಹೊತ್ತು ಇಷ್ಟು. ವ್ಯತ್ಯಾಸವು ಸಾಮಾನ್ಯವಾಗಿ 6 ನಿಮಿಷ. ಕೆಲವು ರಾತ್ರಿ 5, ಕೆಲವು ರಾತ್ರಿ 7ರ ಹತ್ತಿರ. ಪೀಠದ ತಿರುಪುಗಳನ್ನು ಏರಿಸಿದರು, ಇಳಿಸಿದರು, ಕಂಬದ ಬುಡಕ್ಕೆ ಹೊಸ ಗಾರೆ ಹಾಕಿಸಿದರು, ಆರೇ ನಿಮಿಷ. ತಪಾಸಣೆಗೆ ಬಂದಿದ್ದ ಅಧಿಕಾರಿಯೊಬ್ಬರು ಅಂಚಿನಲ್ಲಿ ಕೆಂಪು ಶಾಯಿಯಿಂದ, ಯಂತ್ರವನ್ನು ಸರಿಯಾಗಿ ನಿಲ್ಲಿಸುವಷ್ಟು ಆಸ್ಥೆಯೂ ಈ ಉಪಾಧ್ಯಾಯರಿಗಿಲ್ಲವೆಂದು ಷರಾ ಬರೆದಿದ್ದಾರೆ. ಅದಾದ ಕೆಲವು ಪುಟಗಳಿಗೆ ದಿನಚರಿ ನಿಂತುಹೋಗುತ್ತದೆ. ಸಂಸ್ಥೆಯಲ್ಲಿ ಅವರ ವಿಷಯವಾಗಿ ಉಳಿದಿದ್ದ ನೆನಪೂ ಆ ಷರಾದ ನೆನಪೇ.

ನನಗೆ ವಿಚಿತ್ರವಾಗಿ ಕಂಡುದು ಆ ಆರು ನಿಮಿಷದ ಸ್ಥಿರತೆ. ಅಶ್ರದ್ಧೆಯಿಂದಾದ ತಪ್ಪು ದಿನಕ್ಕೊಂದು ಬಗೆಯಾಗಿರುತ್ತದೆ. ಒಂದೇ ತಪ್ಪು ಒಂದೇ ರೀತಿಯಲ್ಲಿ ವರ್ಷಗಟ್ಟಲೆ ಬಂದರೆ ಅದು ಬರೆದವನದಲ್ಲ, ಅವನ ಮುಂದಿದ್ದ ಮೂಲಪ್ರತಿಯದು ಎಂಬುದನ್ನು ಗ್ರಂಥಸಂಪಾದನೆ ಮಾಡಿದವರೆಲ್ಲ ಬಲ್ಲರು. ಇನ್ನೂ ಎರಡು ಸೂಚನೆಗಳು ಪುಸ್ತಕದಲ್ಲಿಯೇ ದೊರೆತುವು. ಹುಣ್ಣಿಮೆಯ ಚಂದ್ರನು ನೋಟದೊಳಗೆ ಅಂಚಿಗೆ ಅಂಚು ಸರಿಯಾಗಿ ಹಿಡಿಸಿದನೆಂದು ಒಂದು ಕಡೆ ಬರೆದಿದ್ದಾರೆ. ಹಾಗಾದರೆ ನೋಟದ ಅಗಲ ಸುಮಾರು 31 ಕಲೆ, ನಡುವಿನಿಂದ ಅಂಚಿಗೆ ಹದಿನೈದೂವರೆ. ಮೋಟಾರೇ ನಡೆಯದಿದ್ದರೆ ಗ್ರಹವು ಒಂದು ನಿಮಿಷಕ್ಕೆಲ್ಲ ಹೊರಬೀಳಬೇಕು. ಆರು ನಿಮಿಷ ನಿಂತಿತೆಂದರೆ ಮೋಟಾರು ನಡೆಯುತ್ತಿದೆ, ಆದರೆ ಸುಮಾರು ಆರರಲ್ಲಿ ಒಂದು ಪಾಲು ನಿಧಾನವಾಗಿ. ಎರಡನೆಯ ಸೂಚನೆ: ಬಿಂಬವು ತಲೆಕೆಳಗಾಗಿ ಕಾಣುವುದನ್ನು ಲೆಕ್ಕಕ್ಕೆ ತಂದುಕೊಂಡು, ವಸ್ತುವು ಯಾವಾಗಲೂ ಪಡುವಣಕ್ಕೇ ಜಾರಿತೆಂದು ಅವರು ಗುರುತಿಸಿದ್ದಾರೆ. ಧ್ರುವಾಕ್ಷದ ನೇರವು ತಪ್ಪಿದ್ದರೆ ಆಕಾಶದ ಒಂದೊಂದು ಭಾಗದಲ್ಲಿ ಒಂದೊಂದು ಬಗೆಯಾಗಿ, ಹೆಚ್ಚಾಗಿ ಉತ್ತರಕ್ಕೋ ದಕ್ಷಿಣಕ್ಕೋ ಜಾರಬೇಕಾಗಿತ್ತು. ಆದುದರಿಂದ ದೋಷವು ಪೀಠದ್ದಲ್ಲ.

ದುರ್ಬೀನಿನ ಕೋಣೆಗೆ ಹೋಗಿ ನೋಡಿದೆವು. ಮೋಟಾರನ್ನು ಯಾರೋ ಬಿಚ್ಚಿ ಹಳೆಯ ಸಾಮಾನಿನ ಪೆಟ್ಟಿಗೆಗೆ ಹಾಕಿದ್ದರು. ಅದರ ಹೆಸರುತಟ್ಟೆಯನ್ನು ಉಜ್ಜಿದಾಗ ನಿಮಿಷಕ್ಕೆ 1 ಸುತ್ತು, 115 ವೋಲ್ಟು, 60 ಆವರ್ತ ಎಂದು ಕಂಡಿತು. ಅಮೆರಿಕದಿಂದ ಬಂದದ್ದು. ನಮ್ಮ 230 ವೋಲ್ಟಿಗೆ ಸುಟ್ಟುಹೋಗದಂತೆ ನಡುವೆ ಒಂದು ಟ್ರಾನ್ಸ್‌ಫಾರ್ಮರನ್ನು ಇಟ್ಟಿದ್ದರು. ಅದು ವೋಲ್ಟೇಜನ್ನು ಇಳಿಸುತ್ತದೆ, ಆವರ್ತವನ್ನು ಮುಟ್ಟುವುದಿಲ್ಲ. ಮೋಟಾರು ಸದ್ದಿಲ್ಲದೆ, ಬಿಸಿಯಾಗದೆ, ತಪ್ಪು ವೇಗದಲ್ಲಿ ತಿರುಗುತ್ತಿತ್ತು. ಅದರ ಒಂದು ಸುತ್ತು ನಮ್ಮಲ್ಲಿ ಆರನೆಯ ಐದು ಸುತ್ತು. ಪೀಠದ ದೊಡ್ಡ ಚಕ್ರಕ್ಕೆ ಸುಣ್ಣದ ಗುರುತಿಟ್ಟು ಎಣಿಸಿದಾಗ 360 ಹಲ್ಲು. ಮೋಟಾರಿಗೂ ತಿರುಪುದಂಡಕ್ಕೂ ನಡುವೆ ನಾಲ್ಕಕ್ಕೊಂದರ ಚಕ್ರಜೋಡಿ. ಸರಿಯಾದ ವೇಗದಲ್ಲಿ ದೊಡ್ಡ ಚಕ್ರವು 1440 ನಿಮಿಷಕ್ಕೆ ಒಂದು ಸುತ್ತು ಬರಬೇಕಾದುದು, 50 ಆವರ್ತದಲ್ಲಿ 1728 ನಿಮಿಷ ಹಿಡಿಯುತ್ತದೆ. ಈ ಲೆಕ್ಕದಿಂದ ವಸ್ತುವು ನಡುವಿನಿಂದ ಅಂಚಿಗೆ ಜಾರಲು ಬೇಕಾದ ಕಾಲವು 6 ನಿಮಿಷ 6 ಸೆಕೆಂಡು. ಆವರ್ತವು 48ಕ್ಕೆ ಇಳಿದರೆ ಸುಮಾರು 5 ನಿಮಿಷ, 51ಕ್ಕೆ ಏರಿದರೆ ಸುಮಾರು 7 ನಿಮಿಷ. ಆ ಉಪಾಧ್ಯಾಯರು ತಮಗರಿವಿಲ್ಲದೆಯೇ ವಿದ್ಯುತ್ತಿನ ಏರಿಳಿತದ ದಿನಚರಿಯನ್ನು ಬರೆದಿಟ್ಟಿದ್ದರು!

ಇದನ್ನು ಸಮಿತಿಯವರಿಗೆ ಓದಿಹೇಳಿದ ಮೇಲೆ ಪೀಠವನ್ನು ತೆಗೆಯುವ ಮಾತು ನಿಂತಿತು. 50 ಆವರ್ತದಲ್ಲಿ ನಿಮಿಷಕ್ಕೆ ಒಂದು ಸುತ್ತು ತಿರುಗುವ ಮೋಟಾರನ್ನು ತರಿಸಿದರು. ಅಲ್ಲಿಗೆ ಮುಗಿಯಲಿಲ್ಲ. 1440 ನಿಮಿಷವೆಂದರೆ ಸೂರ್ಯನ ದಿನ. ಸೂರ್ಯನನ್ನು ನೋಡುವವರಿಗೆ ಅದೇ ಸರಿ. ನಕ್ಷತ್ರವು ಗಂಟೆಗೆ ಸುಮಾರು ಎರಡೂವರೆ ಕಲೆ ಜಾರುತ್ತದೆ. ನಾಕ್ಷತ್ರದಿನಕ್ಕೆ 1436.07 ನಿಮಿಷ ಬೇಕು. 360 ಹಲ್ಲಿನ ಚಕ್ರವನ್ನು ಮುಟ್ಟದೆ ಇದನ್ನು ಸಾಧಿಸಬೇಕಾದರೆ ನಡುವಿನ ಚಕ್ರಜೋಡಿಯ ಪ್ರಮಾಣವು ನಾಲ್ಕಕ್ಕೆ ಬದಲು 3.98908 ಆಗಬೇಕು. ಇದಕ್ಕೆ ಸಮೀಪವಾದ ಚಿಕ್ಕ ಭಿನ್ನರಾಶಿಯನ್ನು ಹುಡುಕುವ ವಿಧಾನವು ಆರ್ಯಭಟನ ಕುಟ್ಟಕದ ಭಾಗಲಬ್ಧಗಳ ವಲ್ಲಿಗೆ ಹತ್ತಿರದ ನೆಂಟನೆಂದು ಗಣಿತದ ಸಹೋದ್ಯೋಗಿಯೊಬ್ಬರು ತೋರಿಸಿಕೊಟ್ಟರು. ಬಂದ ಉತ್ತರ 91ಕ್ಕೆ 363. ಅದನ್ನು 26ಕ್ಕೆ 66 ಹಲ್ಲು, 28ಕ್ಕೆ 44 ಹಲ್ಲು ಎಂಬ ಎರಡು ಜೋಡಿಗಳಾಗಿ ಒಡೆದು ಕಾರ್ಖಾನೆಯಲ್ಲಿ ಕಡಿಸಿದರು. ಉಳಿದ ತಪ್ಪು ದಿನಕ್ಕೆ ಒಂದೂವರೆ ಸೆಕೆಂಡಿನೊಳಗೆ. ವಿದ್ಯುತ್ತಿನ ಆವರ್ತವು ಒಂದೇ ಒಂದು ಆವರ್ತದಷ್ಟು ಕಡಮೆಯಾದರೆ ಗಂಟೆಗೆ 18 ಕಲೆಗಳ ತಪ್ಪಾಗುತ್ತದೆಯಾದ್ದರಿಂದ, ಅದರ ಮುಂದೆ ಇದು ಲೆಕ್ಕಕ್ಕಿಲ್ಲ. ಆ ಕಾರಣದಿಂದಲೇ ದೊಡ್ಡ ವೇಧಶಾಲೆಗಳು ಬೀದಿಯ ವಿದ್ಯುತ್ತನ್ನು ನಂಬದೆ ಸ್ಫಟಿಕದ ಕಂಪನದಿಂದ ತಮ್ಮದೇ ಆವರ್ತವನ್ನು ಮಾಡಿಕೊಂಡುವು. ಶಾಲೆಯ ದುರ್ಬೀನಿಗೆ ಅಷ್ಟು ಬೇಡವೆಂದು ಬಿಟ್ಟೆವು.

ಒಂದು ನಷ್ಟವು ಮಾತ್ರ ತುಂಬಲಾರದ್ದು. ಮೊದಲಿನ ಭಾರದ ಗಡಿಯಾರವನ್ನು, ಅದರ ಗುಂಡುಗಳೊಡನೆ, ಯಾವಾಗಲೋ ಹಿತ್ತಾಳೆಯ ತೂಕಕ್ಕೆ ಮಾರಿಬಿಟ್ಟಿದ್ದರು. ರಶೀದಿಯಿದೆ, ತೂಕವಿದೆ, ಚಕ್ರಗಳಿಗೆ ಎಷ್ಟು ಹಲ್ಲಿದ್ದುವೆಂಬುದಿಲ್ಲ. ಅದು ನಕ್ಷತ್ರದ ಗತಿಗೆ ಮಾಡಿದ್ದೋ ಸೂರ್ಯನ ಗತಿಗೆ ಮಾಡಿದ್ದೋ ಎಂಬುದನ್ನು ತಿಳಿಯಲು ಈಗ ಮಾರ್ಗವಿಲ್ಲ. ಅದು ತಿಳಿದಿದ್ದರೆ ಮೊದಲನೆಯವರ ಇಂಗ್ಲಿಷ್ ದಿನಚರಿಯಲ್ಲಿನ ಕಾಲಗಳನ್ನೂ ಪರೀಕ್ಷಿಸಬಹುದಾಗಿತ್ತು. ಕೆಲವು ಮಿತ್ರರು ಹೊಸ ಹಿತ್ತಾಳೆಯಲ್ಲಿ ಹಳೆಯದರಂಥ ಗಡಿಯಾರವನ್ನು ಮಾಡಿಸಿ ಮೋಟಾರನ್ನು ಅದರೊಳಗೆ ಅಡಗಿಸಬೇಕೆಂದರು. ನಾನು ಒಪ್ಪಲಿಲ್ಲ. ಭಗ್ನವಾದ ವಿಗ್ರಹದ ಸ್ಥಾನದಲ್ಲಿ ಹಳೆಯದೆಂದು ತೋರುವ ಹೊಸ ವಿಗ್ರಹವನ್ನು ನಿಲ್ಲಿಸುವುದು ಮುಂದೆ ಓದುವವನಿಗೆ ಬಗೆಯುವ ದ್ರೋಹ. ಮೋಟಾರು ಮೋಟಾರಾಗಿಯೇ ಕಾಣಲಿ.

ಪದಗಳ ವಿಷಯವಾಗಿಯೂ ಒಂದು ಮಾತು. ಎರಡನೆಯ ಕೈಯವರು ಚಾಲಕ ಗಡಿಯಾರಕ್ಕೆ “ನಡೆಸುವ ಗಡಿಯಾರ” ಎಂದೂ ದೊಡ್ಡ ಚಕ್ರಕ್ಕೆ “ತಾಯಿಚಕ್ರ” ಎಂದೂ ಬರೆದಿದ್ದಾರೆ. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರರೂ ಹೊರಡಿಸಿದ ‘ವಿಜ್ಞಾನ’ ಮಾಸಪತ್ರಿಕೆಯ ಕಾಲದಿಂದ ಶಾಸ್ತ್ರಪದಗಳಿಗಾಗಿ ನಾವು ಸಂಸ್ಕೃತದ ಬೊಕ್ಕಸವನ್ನು ಧಾರಾಳವಾಗಿ ತೆರೆದಿದ್ದೇವೆ. ಕೆಲಸ ಮಾಡುತ್ತ ಮಾಡುತ್ತ ಕೈಯಿಂದ ಹುಟ್ಟಿದ ಇಂಥ ಮಾತುಗಳನ್ನು ಸಂಗ್ರಹಿಸಲು ಮರೆತಿದ್ದೇವೆ. “ತಾಯಿಚಕ್ರ”ವು ಕೋಶಕ್ಕೆ ಸೇರತಕ್ಕ ಪದವೆಂದು ನನ್ನ ಅಭಿಪ್ರಾಯ.

ಹೊಸ ಮೋಟಾರನ್ನು ಜೋಡಿಸಿದ ರಾತ್ರಿ ಮಘಾ ನಕ್ಷತ್ರವನ್ನು ನಡುವೆ ಇಟ್ಟು ಕಾದೆವು. ಅರ್ಧ ಗಂಟೆಯ ಮೇಲೂ ಅದು ನೋಟದೊಳಗೇ ಇದ್ದಿತು. ಸೂಕ್ಷ್ಮವಾಗಿ ನೋಡಿದರೆ ಸುಮಾರು ನಾಲ್ಕು ನಿಮಿಷಕ್ಕೊಮ್ಮೆ ಅದು ಎಡಕ್ಕೆ ತುಸು ಸರಿದು ಮತ್ತೆ ಹಿಂದಕ್ಕೆ ಬರುತ್ತಿತ್ತು. ತಿರುಪುದಂಡವು ಅಷ್ಟು ಕಾಲಕ್ಕೊಂದು ಸುತ್ತು ಬರುವುದರಿಂದ ಇದು ಅದರ ಎಳೆಯ ಸವಕಳಿಯೇ ಸರಿ. ದಂಡವು ಇಂಗ್ಲೆಂಡಿನಿಂದ ಬಂದ ಮೊದಲಿನದೇ ಆದ್ದರಿಂದ ಅದನ್ನು ಮುಟ್ಟಲಿಲ್ಲ. ಹಳೆಯ ಅಮೆರಿಕದ ಮೋಟಾರನ್ನು ಹೆಸರುತಟ್ಟೆ ಕಾಣುವಂತೆ ಕೋಣೆಯ ಗೂಡಿನಲ್ಲಿ ಇಡಿಸಿದ್ದೇವೆ. ಪೀಠದ ಬಾಗಿಲಿನ ಒಳಮೈಗೆ ಒಂದು ತಗಡನ್ನು ಬಡಿದು, ತಾಯಿಚಕ್ರಕ್ಕೆ 360 ಹಲ್ಲು, ನಡುವೆ 26ಕ್ಕೆ 66, 28ಕ್ಕೆ 44, ಮೋಟಾರು 50 ಆವರ್ತದ್ದು, ಇದಕ್ಕೆ ಮುಂಚೆ ಇದ್ದದ್ದು 60ರದು ಎಂದು ಕೊರೆಸಿ, ದಿನಾಂಕವನ್ನು ಹಾಕಿಸಲಾಗಿದೆ. ದಿನಚರಿಯ ಕೆಂಪು ಷರಾವನ್ನು ಹೊಡೆದುಹಾಕಲಿಲ್ಲ. ಅದರ ಎದುರಿನ ಖಾಲಿ ಪುಟದಲ್ಲಿ ಆರು ನಿಮಿಷದ ಲೆಕ್ಕವನ್ನು ಪೂರ್ತಿಯಾಗಿ ಬರೆದು ಸಹಿ ಮಾಡಿದ್ದೇನೆ.